ಕೂತು ನೋಡಿದ ಆಫೀಸು

ದಾರ ಕಟ್ಟಿದ ಅಯಸ್ಕಾಂತವನ್ನು ನೆಲದ ಮೇಲೆ ಎಳೆಯುತ್ತಾ ನಾನು ಮನೆಯೆಲ್ಲ ಸುತ್ತಿದೆ. ನಡುಮನೆಯಿಂದ ಅಡುಗೆಮನೆಗೆ, ಅಲ್ಲಿಂದ ಮೆಟ್ಟಿಲ ಕೆಳಗಿನ ಮೂಲೆಗೆ. ಕುರ್ಚಿಗಳ ಸೀಟಿನಿಂದ ಉದುರಿದ ಸಣ್ಣ ಮೊಳೆಗಳು ಟಿಕ್ ಟಿಕ್ ಎಂದು ಅದಕ್ಕೆ ಅಂಟಿಕೊಳ್ಳುತ್ತಿದ್ದವು. ಮನೆಯಲ್ಲಿ ಅದೊಂದೇ ಸದ್ದು. ಮಾವ ಪೇಪರು ಹಿಡಿದು ಕೂತಿದ್ದರು, ಆದರೆ ಪುಟ ತಿರುಗಿಸುವ ಧೈರ್ಯ ಮಾಡಿರಲಿಲ್ಲ. ಅತ್ತೆ ಬಲಗಾಲನ್ನು ಒಂದು ಸ್ಟೂಲಿನ ಮೇಲೆ ಚಾಚಿಕೊಂಡು ಗೋಡೆ ನೋಡುತ್ತಿದ್ದರು. ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. ನನ್ನ ಅಯಸ್ಕಾಂತಕ್ಕೆ ಸಿಗದ ಒಂದು ಮೊಳೆ ಹಿಂದಿನ ಸಂಜೆ ಅವರ ಕಾಲಿಗೆ ಸಿಕ್ಕಿತ್ತು.

ನಮ್ಮದು ಕುರ್ಚಿ, ಸೋಫಾ ರಿಪೇರಿಯ ಕೆಲಸ. ಮಾವ ಗಿರಾಕಿಗಳ ಜೊತೆ ಮಾತಾಡುತ್ತಾರೆ, ನಾನು ಹೊಲಿಯುತ್ತೇನೆ. ಶಾಲೆ ಬಿಟ್ಟು ಈ ಸೋದರಮಾವನ ಮನೆ ಸೇರಿದಾಗಿನಿಂದ ಮೆಟ್ಟಿಲ ಕೆಳಗಿನ ಒಂದು ಬಲ್ಬು, ಒಂದು ಹೊಲಿಗೆ ಮಷಿನ್, ಬಟ್ಟೆ ಕತ್ತರಿಸುವ ಒಂದು ದೊಡ್ಡ ಮೇಜು ನನ್ನ ಪಾಲಿಗೆ ಬಂದಿದ್ದವು. ಅಲ್ಲಿ ತಲೆ ಎತ್ತಿದರೆ ಮೆಟ್ಟಿಲು ತಾಗುತ್ತಿತ್ತು, ಹಾಗಾಗಿ ಎತ್ತುತ್ತಿರಲಿಲ್ಲ. ಆ ತಿಂಗಳು ಒಬ್ಬ ವಕೀಲರು ತಮ್ಮ ಕಕ್ಷಿದಾರರು ಕೂರುವ ಎಂಟು ಕುರ್ಚಿಗಳನ್ನು ಒಟ್ಟಿಗೆ ಕಳಿಸಿದ್ದರು. ಎಂಟೂ ಮುಗಿದಿದ್ದವು. ಆದರೆ ವಕೀಲರ ಆಫೀಸಿನಲ್ಲಿ ಬಣ್ಣ ಬಳಿಯುವ ಕೆಲಸ ನಡೆದಿತ್ತು. ಅದು ಮುಗಿಯುವವರೆಗೆ ನಿಮ್ಮಲ್ಲೇ ಇರಲಿ ಎಂದಿದ್ದರು. ಹೀಗಾಗಿ ನಮ್ಮ ಮನೆಯಲ್ಲಿ ಬಚ್ಚಲಿಗೆ ಹೋಗುವವರು ಎರಡು ಕುರ್ಚಿ ಹತ್ತಿ ಇಳಿಯಬೇಕಿತ್ತು.

ಕೊನೆಗೆ ಅತ್ತೆ ಗೋಡೆಗೇ ಹೇಳಿದರು:

“ಈ ತಿಂಗಳು ಮುಗಿಯೋದ್ರೊಳಗೆ ಈ ಮನೆಯಿಂದ ಒಂದೋ ಕುರ್ಚಿಗಳು ಹೋಗ್ಬೇಕು, ಇಲ್ಲಾ ನಾನು ಹೋಗ್ಬೇಕು. ನಾನಂತೂ ಹೋಗಲ್ಲ.”

ಅಕ್ಕನ ಕಾಲು ನೋಡಲು ಬಂದಿದ್ದ ಅತ್ತೆಯ ತಮ್ಮ ಟೀ ಕುಡಿಯುತ್ತಾ ಬಾಗಿಲಲ್ಲೇ ನಿಂತಿದ್ದ. ಒಳಗೆ ಬರಲು ಜಾಗವಿರಲಿಲ್ಲ. ಅವನದು ಲಾಂಡ್ರಿ. ಅವನ ಅಂಗಿಯಲ್ಲಿ ಒಂದು ಸುಕ್ಕು ಕಂಡವರು ಇಲ್ಲ.

“ಭಾವ, ಇದಕ್ಕೆಲ್ಲ ತಲೆ ಯಾಕೆ ಕೆಡಿಸ್ಕೊಳ್ತೀರಾ?” ಎಂದ. “ಮಷಿನ್ ಮಾರಿಬಿಡಿ. ನೀವು ಬಂದು ನನ್ನ ಕೌಂಟರಿನಲ್ಲಿ ಕೂತ್ಕೊಳ್ಳಿ. ಹುಡುಗಿ ಇಸ್ತ್ರಿ ಮಾಡ್ಲಿ. ನಮ್ಮಲ್ಲಿ ಮೊಳೆಯ ಭಯ ಇಲ್ಲ.”

ಮಾವ ಪೇಪರು ಮಡಚಿದರು.

“ನಾನು ಆಫೀಸು ಹಿಡೀತೀನಿ.”

“ಶೆಡ್ಡು ಅನ್ನಿ.”

“ಆಫೀಸು.”

ಅತ್ತೆಯ ತಮ್ಮ ನಕ್ಕ ರಭಸಕ್ಕೆ ಟೀ ಅವನ ಅಂಗಿಯ ಮೇಲೆ ಬಿತ್ತು. ಈ ಮನೆಯ ಇತಿಹಾಸದಲ್ಲಿ ಅದು ದೊಡ್ಡ ಘಟನೆ. ಯಾಕೆಂದರೆ ಆ ನಗು ಇಲ್ಲದಿದ್ದರೆ ಮಾವ ಒಂದು ಶೆಡ್ಡಿಗೇ ಒಪ್ಪುತ್ತಿದ್ದರು. ಈಗ ಒಪ್ಪುವ ಹಾಗಿರಲಿಲ್ಲ. ಅತ್ತೆಯೂ ತೀರ್ಪು ಕೊಟ್ಟುಬಿಟ್ಟರು: ತಿಂಗಳೊಳಗೆ ಆಫೀಸು ಸಿಕ್ಕರೆ ಸರಿ, ಸಿಗದಿದ್ದರೆ ಮಷಿನ್ ಮಾರಾಟ, ಮಾವ ಕೌಂಟರಿಗೆ, ನಾನು ಇಸ್ತ್ರಿಗೆ.

ಆಫೀಸು ಹುಡುಕುವುದರಲ್ಲಿ ಮಾವನದೇ ಒಂದು ಶಾಸ್ತ್ರ. ಬೇರೆಯವರು ಬಾಡಿಗೆ ಕೇಳುತ್ತಾರೆ, ನೀರು ಬರುತ್ತದಾ ಎನ್ನುತ್ತಾರೆ. ಮಾವ ಒಂದು ಕುರ್ಚಿ ಹೊತ್ತುಕೊಂಡು ಹೋಗುತ್ತಿದ್ದರು. ಕೋಣೆಯ ನಡುವೆ ಅದನ್ನಿಟ್ಟು, ಕೂತು, ಕಣ್ಣು ಮುಚ್ಚುತ್ತಿದ್ದರು.

“ಚಪ್ಪಲಿ ಕಾಲಿಗೆ ಹಾಕಿ ನೋಡದೆ ತಗೊಳ್ತೀವಾ? ಹಾಗೇ ಆಫೀಸು. ಕೂತಾಗ ಮೈ ಏನು ಹೇಳುತ್ತೋ ಅದೇ ಸರಿ” ಎಂದು ಬ್ರೋಕರನಿಗೆ ವಿವರಿಸಿದರು.

“ಹತ್ತಾರು ವರ್ಷದಿಂದ ಮನೆ ತೋರಿಸ್ತಾ ಇದೀನಿ ಸಾರ್, ಕುರ್ಚಿ ತಂದೋರು ನೀವೇ ಮೊದಲು” ಎಂದ ಬ್ರೋಕರ. ಮಾವ ಅದನ್ನು ಹೊಗಳಿಕೆ ಎಂದೇ ತೆಗೆದುಕೊಂಡರು.

ಮೊದಲ ಜಾಗ ಗಾಜಿನ ಕಟ್ಟಡದ ಐದನೇ ಮಹಡಿ. ಲಿಫ್ಟು ಎಷ್ಟು ಚಿಕ್ಕದೆಂದರೆ ಕುರ್ಚಿ ಒಳಗೆ ಹೋದ ಮೇಲೆ ಮಾವನಿಗೆ ಜಾಗ ಉಳಿಯಲಿಲ್ಲ. ಕುರ್ಚಿಯನ್ನು ಲಿಫ್ಟಿನಲ್ಲಿ ಕಳಿಸಿ ನಾವು ಮೂವರೂ ಮೆಟ್ಟಿಲು ಹತ್ತಿದೆವು. ಏದುಸಿರು ಬಿಡುತ್ತಾ ಐದನೇ ಮಹಡಿ ಮುಟ್ಟಿದರೆ ಕುರ್ಚಿ ಇಲ್ಲ. ಯಾರೋ ಮೇಲಕ್ಕೆ ಕರೆಸಿಕೊಂಡಿದ್ದರು. ಆಮೇಲೆ ಯಾರೋ ಕೆಳಕ್ಕೆ ಕರೆಸಿಕೊಂಡರು. ಲಿಫ್ಟಿನ ಬಾಗಿಲು ಒಮ್ಮೆ ನಮ್ಮ ಮುಂದೆ ತೆರೆಯಿತು. ನಮ್ಮ ಕುರ್ಚಿಯಲ್ಲಿ ದಪ್ಪಗಿನ ಮನುಷ್ಯರೊಬ್ಬರು ಆರಾಮಾಗಿ ಕೂತಿದ್ದರು.

“ಎಷ್ಟು ಒಳ್ಳೇ ಸೌಲಭ್ಯ ಮಾಡಿದಾರೆ ಈ ಕಟ್ಟಡದಲ್ಲಿ!” ಎಂದರು. ಬಾಗಿಲು ಮುಚ್ಚಿತು. ಅವರು ಇಳಿದು ಹೋದರು.

ಎರಡನೆಯದು ನೆಲಮಾಳಿಗೆ. ಬಾಡಿಗೆ ಕಡಿಮೆ, ಗೋಡೆ ಹೊಸದು. ಮಾವ ಕೂತು ಕಣ್ಣು ಮುಚ್ಚಿದರು. ಮೇಲಿನ ಮಹಡಿಯಲ್ಲಿ ಕುಣಿತದ ಕ್ಲಾಸು ಶುರುವಾಯಿತು. ಧಡ್ ಧಡ್ ಎಂದ ಹಾಗೆಲ್ಲ ಕುರ್ಚಿ ಒಂದೊಂದೇ ಬೆರಳಿನಷ್ಟು ಸರಿಯತೊಡಗಿತು. ಮಾವ ಕಣ್ಣು ಬಿಟ್ಟಾಗ ಕೋಣೆಯ ನಡುವೆ ಇರಲಿಲ್ಲ, ಬಾಗಿಲ ಹತ್ತಿರ ಇದ್ದರು.

“ಜಾಗವೇ ನನ್ನನ್ನ ಹೊರಗೆ ಕಳಿಸ್ತಾ ಇದೆ” ಎಂದು ಎದ್ದುಬಿಟ್ಟರು.

ಮೂರನೆಯದು ಹಿಂದೆ ಮುದ್ರಣಾಲಯವಿದ್ದ ಹಳೇ ಕೋಣೆ. ನೆಲದ ಮೇಲೆ ಮಸಿಯ ಕಲೆ. ರಸ್ತೆಯ ಮಟ್ಟದಲ್ಲೇ ಇತ್ತು, ಒಂದು ಮೆಟ್ಟಿಲೂ ಇಲ್ಲ. ಬಾಗಿಲಿಗೆ ಎರಡು ಅಗಲವಾದ ರೆಕ್ಕೆ. ರಸ್ತೆ ಕಡೆಗೆ ಮಾವನಿಗಿಂತ ಎತ್ತರದ ಕಿಟಕಿ. ಬೆಳಕು ಅದರಿಂದ ಒಳಗೆ ಬಂದು ಎದುರು ಗೋಡೆಯವರೆಗೆ ಮಲಗಿತ್ತು. ನಾನು ಕುತ್ತಿಗೆಯಲ್ಲಿದ್ದ ಟೇಪು ತೆಗೆದು ಬಾಗಿಲಿನ ಅಗಲ ಹಿಡಿದು ನೋಡಿದೆ. ಮೂರು ಜನ ಕೂರುವ ಸೋಫಾ ನೇರವಾಗಿ ಒಳಗೆ ಬರುತ್ತಿತ್ತು.

“ಮಾವ, ಇಲ್ಲಿ ಬಾಗಿಲು—”

“ಶ್. ಕೂತಿದೀನಿ.”

ಓನರು ಒಬ್ಬ ಸಣಕಲು ಹಿರಿಯರು. ಸೊಂಟದಲ್ಲಿ ಕೀಲಿಕೈ ಗೊಂಚಲು. ತಮ್ಮ ಗೋಡೆಗಳ ಮೇಲೆ ಮಕ್ಕಳ ಮೇಲಿದ್ದಷ್ಟೇ ಪ್ರೀತಿ. “ಮೊಳೆ ಹೊಡೀಬಾರದು, ಒರಗಬಾರದು, ಎಣ್ಣೆ ತಲೆ ತಾಗಿಸಬಾರದು” ಎಂದರು. ಮಾವ ಎಲ್ಲಕ್ಕೂ ಒಪ್ಪಿ, ಒಂದು ವಾರ ಕೂತು ನೋಡಿ ಆಮೇಲೆ ಹೇಳುತ್ತೇನೆ ಎಂದರು. ಇಂಥ ಕೋರಿಕೆಯನ್ನು ಓನರು ಜನ್ಮದಲ್ಲಿ ಕೇಳಿರಲಿಲ್ಲ. ಏನು ಹೇಳಬೇಕೋ ತಿಳಿಯದೆ ಹೂಂ ಅಂದುಬಿಟ್ಟರು.

ಮರುದಿನವೇ ಅತ್ತೆ ಒಂದು ಗಾಡಿ ಕರೆಸಿ ಎಂಟು ಕುರ್ಚಿಗಳನ್ನೂ ಅಲ್ಲಿಗೆ ಸಾಗಿಸಿದರು. ಮೆಟ್ಟಿಲ ಕೆಳಗಿನ ನನ್ನ ಮೇಜೂ ಹೋಯಿತು. ಆಫೀಸು ಎಂದ ಮೇಲೆ ಮೇಜು ಬೇಕಲ್ಲ. ಮಾವ ಅದರ ಮೇಲೆ ಮೆರೂನ್ ಬಟ್ಟೆ ಹೊದಿಸಿ, ಕೋಣೆಯ ಸರಿಯಾಗಿ ನಡುವೆ ಇಟ್ಟು, ಹಿಂದೆ ಕೂತರು. ಎಂಟು ಕುರ್ಚಿ ಗೋಡೆಯುದ್ದಕ್ಕೂ ಸಾಲಾಗಿ ನಿಂತವು. ಗೋಡೆಗೆ ತಾಗದ ಹಾಗೆ. ನಾನು ಮೂಲೆಯಲ್ಲಿ ನೆಲದ ಮೇಲೆ ಕೂತು ಮಡಿಲಲ್ಲೇ ಹೊಲಿಗೆ ಹಾಕತೊಡಗಿದೆ.

ಸ್ವಲ್ಪ ಹೊತ್ತಿಗೆ ಹಿಂದಿನ ಓಣಿ ಕಡೆಯ ಬಾಗಿಲಿನಿಂದ ಒಬ್ಬ ಅಜ್ಜ ಒಳಗೆ ಬಂದರು. ಕೈ ಚಾಚಿ ಕುರ್ಚಿಯನ್ನು ತಡವಿದರು, ಕೂತರು, “ಹಾ…” ಎಂದು ಉಸಿರು ಬಿಟ್ಟು ಕಣ್ಣು ಮುಚ್ಚಿದರು.

ಮಾವ ಕುರ್ಚಿಯಿಂದ ಅರ್ಧ ಎದ್ದರು. ಅವರ ಮುಖ ನೋಡಬೇಕಿತ್ತು.

“ನೋಡು, ನೋಡು” ಎಂದು ನನ್ನ ಕಡೆ ಪಿಸುಗುಟ್ಟಿದರು. “ಕೂತ ಕೂಡಲೇ ಕಣ್ಣು ಮುಚ್ಚಿದ್ರು! ಮಾತಿಲ್ಲ, ಕತೆಯಿಲ್ಲ! ಇದು ನಾರಿನ ಕುಶನ್ ಮಹಿಮೆ. ಫೋಮಿನಲ್ಲಿ ಹೀಗಾಗುತ್ತಾ?”

ಅಜ್ಜನ ಹಿಂದೆಯೇ ಒಬ್ಬ ಹೆಂಗಸು ಬಂದರು, ತಡವಿ ಕೂತರು, ಕಣ್ಣು ಮುಚ್ಚಿದರು. ಆಮೇಲೆ ಇಬ್ಬರು ಗಂಡಸರು. ಮಧ್ಯಾಹ್ನದ ಹೊತ್ತಿಗೆ ಎಂಟೂ ಕುರ್ಚಿ ತುಂಬಿ, ಬಾಗಿಲಲ್ಲಿ ನಿಂತವರು “ಕೊನೆಯವರು ಯಾರು?” ಎಂದು ಕೇಳುತ್ತಿದ್ದರು. ಸಾಲಾಗಿ ಎಂಟು ಜನ ಕಣ್ಣು ಮುಚ್ಚಿ, ತಲೆ ಹಿಂದಕ್ಕೆ ಚೆಲ್ಲಿ, ಅಲುಗಾಡದೆ ಕೂತಿದ್ದರು. ಅಜ್ಜನ ಕೆನ್ನೆಯ ಮೇಲೆ ಒಂದು ಹನಿ ಇಳಿಯಿತು.

“ಅಳ್ತಾ ಇದಾರೆ ಕಣೇ” ಎಂದರು ಮಾವ.

“ಮಾವ, ಅವರು—”

“ಸುಮ್ನಿರು. ಅನುಭವಿಸ್ಲಿ. ಎಷ್ಟು ವರ್ಷದಿಂದ ಗಟ್ಟಿ ಮಣೆ ಮೇಲೆ ಕೂತಿದ್ರೋ ಏನೋ ಪಾಪ.”

ನಾನು ಕುಡಿಯುವ ನೀರು ತರಲು ಓಣಿಯ ನಲ್ಲಿಗೆ ಹೋದೆ. ಓಣಿಯ ಆಚೆ, ಪಕ್ಕದ ಕಟ್ಟಡದ ಹಿಂಬಾಗಿಲು ತೆರೆದಿತ್ತು. ಅದು ಹೊಸದಾಗಿ ಶುರುವಾದ ಕಣ್ಣಿನ ಕ್ಲಿನಿಕ್ಕು. ಮುಂಬಾಗಿಲು, ಬೋರ್ಡು ಎಲ್ಲ ಆ ಕಡೆಯ ರಸ್ತೆಯಲ್ಲಿ. ನಮ್ಮ ಕಡೆಯಿಂದ ಏನೂ ಕಾಣದು. ಹಿಂಬಾಗಿಲಲ್ಲಿ ಗಿಡ್ಡಗಿನ ಒಬ್ಬ ನರ್ಸು ಸಾಲಾಗಿ ನಿಂತವರ ಕಣ್ಣಿಗೆ ಔಷಧದ ಹನಿ ಹಾಕುತ್ತಿದ್ದಳು.

“ಇಲ್ಲಿ ನಿಂತ್ಕೋಬೇಡಿ, ಬೀಳ್ತೀರಿ. ಎದುರುಗಡೆ ಕೋಣೇಲಿ ಕುರ್ಚಿ ಹಾಕಿದಾರೆ, ಹೋಗಿ ಕಣ್ಣು ಮುಚ್ಕೊಂಡು ಕೂತ್ಕೊಳ್ಳಿ. ನಾನೇ ಬಂದು ಕರೀತೀನಿ. ಮುಂದಿನವರು!”

ನಾನು ಬಿಂದಿಗೆ ಹಿಡಿದು ವಾಪಸ್ ಓಡಿದೆ. ಮಾವ ಎದ್ದು ನಿಂತು ಭಾಷಣ ಮಾಡುತ್ತಿದ್ದರು.

“…ಕೆಳಗೆ ಸ್ಪ್ರಿಂಗು, ಅದರ ಮೇಲೆ ಗೋಣಿಬಟ್ಟೆ, ಅದರ ಮೇಲೆ ನಾರು. ನಾವು ಯಾರಿಗೂ ಮೋಸ ಮಾಡಲ್ಲ. ನಿಧಾನಕ್ಕೆ ಕೂತ್ಕೊಳ್ಳಿ.”

“ಇನ್ನೂ ಎಷ್ಟು ಹೊತ್ತು ಸಾರ್?” ಎಂದು ಒಬ್ಬರು ಕಣ್ಣು ಮುಚ್ಚಿಯೇ ಕೇಳಿದರು.

“ನಿಮಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು.”

“ದೊಡ್ಡ ಮನಸ್ಸು ಸಾರ್ ನಿಮ್ದು. ಬೇರೆ ಕಡೆಯವರು ಅವಸರ ಮಾಡ್ತಾರೆ.”

“ಮಾವ, ಎದುರಿಗೆ ಒಂದು ಕ್ಲಿನಿಕ್ಕು—”

“ನಿಂಗೆ ಹುಷಾರಿಲ್ವಾ? ಸಂಜೆ ಹೋಗೋಣ. ಈಗ ಗಿರಾಕಿಗಳಿಗೆ ನೀರು ಕೊಡು.”

ಕೊಟ್ಟೆ. ಕಣ್ಣು ಮುಚ್ಚಿದವರ ಕೈಗೆ ಲೋಟ ಸಿಗುವಂತೆ ಕೊಡುವುದೂ ಒಂದು ಕೆಲಸವೇ.

ಮೂರನೇ ದಿನ ಓನರು ಬಂದರು. ಬಾಗಿಲಲ್ಲೇ ನಿಂತು ಎಂಟು ಜನರನ್ನೂ ನೋಡಿದರು. ಹೊರಗೆ ನಿಂತ ಸಾಲನ್ನೂ ನೋಡಿದರು. ಅವರು ಕಟ್ಟಿಸಿದ ಈ ಕೋಣೆಗೆ ಇಷ್ಟು ಜನ ಎಂದೂ ಬಂದಿರಲಿಲ್ಲ.

“ಏನಿದು?” ಎಂದು ಮೆಲ್ಲಗೆ ಕೇಳಿದರು.

“ಗಿರಾಕಿಗಳು” ಎಂದರು ಮಾವ, ದಿನಾ ಹೀಗೇ ಎನ್ನುವ ಧಾಟಿಯಲ್ಲಿ.

“ಯಾರೂ ಮಾತಾಡ್ತಿಲ್ಲವಲ್ಲ?”

“ಸುಖದಲ್ಲಿರೋರು ಮಾತಾಡಲ್ಲ.”

ಓನರು ಹೊರಗೆ ಹೋಗಿ, ಒಂದು ಸುತ್ತು ಹಾಕಿ, ಮತ್ತೆ ಒಳಗೆ ಬಂದು ಬಾಡಿಗೆಯನ್ನು ಅಲ್ಲೇ ಒಂದೂವರೆ ಪಟ್ಟು ಮಾಡಿದರು. “ಅವತ್ತು ಹೇಳಿದ ಬಾಡಿಗೆ ಗೋಡೆಗೆ. ಈಗ ಹೇಳ್ತಿರೋದು ಜನಕ್ಕೆ. ಇದು ಜನ ಬರೋ ಜಾಗ” ಎಂದರು.

ಬೇರೆ ಯಾರಾದರೂ ಆಗಿದ್ದರೆ ಜಗಳ ತೆಗೆಯುತ್ತಿದ್ದರು. ಮಾವನಿಗೆ ಹೆಮ್ಮೆಯಾಯಿತು. ಅದೇ ಸಂಜೆ ಮನೆಯಲ್ಲಿ, “ನಮ್ಮ ಆಫೀಸಿನ ಬಾಡಿಗೆ ಏರಿದೆ” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದರು.

“ನೀವಿನ್ನೂ ಹಿಡಿದೇ ಇಲ್ಲವಲ್ರೀ?” ಎಂದರು ಅತ್ತೆ.

“ಹಿಡಿಯೋ ಮೊದಲೇ ಏರಿದೆ ಅಂದ್ರೆ ಜಾಗ ಹೇಗಿರಬೇಕು, ನೀನೇ ಯೋಚನೆ ಮಾಡು.”

ಅತ್ತೆಯ ತಮ್ಮ ನಗುವುದಕ್ಕೆಂದೇ ಮರುದಿನ ನೋಡಲು ಬಂದ. ಬಾಗಿಲ ತನಕ ನಗುತ್ತಲೇ ಬಂದ. ಒಳಗೆ ಕಾಲಿಟ್ಟವನು ನಗುವನ್ನು ಅರ್ಧಕ್ಕೇ ನುಂಗಿದ. ಕೂತವರ ಅಂಗಿಗಳನ್ನು ಒಂದೊಂದಾಗಿ ನೋಡುತ್ತಾ ಹೋದ. ಎಲ್ಲರದೂ ಸುಕ್ಕು. ಹೊರಗೆ ಹೋಗಿ ಓನರಿಗೆ ಫೋನು ಮಾಡಿದ. ನಾನು ಕಿಟಕಿಯ ಕೆಳಗೆ ಹೊಲಿಯುತ್ತಿದ್ದೆ, ಎಲ್ಲ ಕೇಳಿಸಿತು.

“ಸಾರ್, ಭಾವ ಕೊಡೋದಕ್ಕಿಂತ ಹೆಚ್ಚು ಕೊಡ್ತೀನಿ, ಲಾಂಡ್ರಿಗೆ ಕೊಡಿ. ಇಷ್ಟು ಹೊತ್ತು ಕಣ್ಣು ಮುಚ್ಕೊಂಡು ಕೂರೋ ಜನ ಅಂದ್ರೆ, ಮೈಮೇಲಿನ ಅಂಗಿ ಬಿಚ್ಚಿ, ಇಸ್ತ್ರಿ ಮಾಡಿ, ಮತ್ತೆ ತೊಡಿಸಿ ಕಳಿಸ್ಬಹುದು. ಅವರಿಗೆ ಗೊತ್ತೇ ಆಗಲ್ಲ!”

ಸುದ್ದಿ ಮಾವನಿಗೆ ತಲುಪಿತು. ಸ್ವಂತ ಭಾವಮೈದುನನೇ ಕಾಲೆಳೆಯುತ್ತಿದ್ದಾನೆ ಎಂದು ಊಟ ಬಿಟ್ಟರು. ಆಮೇಲೆ ಹಸಿವಾಗಿ ಊಟ ಮಾಡಿದರು. ಆದರೆ ಹಟ ಬಿಡಲಿಲ್ಲ. ತಿಂಗಳ ಕೊನೆಯ ದಿನ ಬೆಳಿಗ್ಗೆ ಓನರು, ಅತ್ತೆಯ ತಮ್ಮ, ಅತ್ತೆ ಎಲ್ಲರೂ ಆ ಕೋಣೆಗೇ ಬರಬೇಕು, ಅಲ್ಲೇ ತೀರ್ಮಾನವಾಗಬೇಕು ಎಂದರು.

“ಮಾವ, ನಾನೊಂದು ಮಾತು—”

“ನಾಳೆ ಹೇಳು. ನಾಳೆ ಎಲ್ಲಾ ಮುಗಿದಿರುತ್ತೆ.”

ಅದೇ ನನಗೂ ಭಯ.

ಕೊನೆಯ ದಿನ ಬೇಗನೆ ಹೋದೆವು. ಕುರ್ಚಿಗಳಲ್ಲಿ ಆಗಿನ್ನೂ ಇಬ್ಬರೇ ಇದ್ದರು. ಓನರು ಕೀಲಿಕೈ ಗೊಂಚಲು ಕುಲುಕುತ್ತಾ ಬಂದರು. ಅತ್ತೆಯ ತಮ್ಮ ಹೊಸ ಇಸ್ತ್ರಿಯಲ್ಲಿ ಬಂದ. ಅತ್ತೆ ಕುಂಟುತ್ತಾ ಬಂದು, ಮೊದಲು ನೆಲ ನೋಡಿ, ಆಮೇಲೆ ಕಾಲಿಟ್ಟರು.

ಓನರು ಬಾಯಿ ತೆರೆಯುವಷ್ಟರಲ್ಲಿ ಮಾವ ಕೈ ಎತ್ತಿದರು.

“ಬಾಡಿಗೆ ಮಾತು ಆಮೇಲೆ. ಮೊದಲು ಎಲ್ಲರೂ ಕೂತ್ಕೊಳ್ಳಿ. ತಲೆ ಹಿಂದಕ್ಕೆ ಇಟ್ಟು ಕಣ್ಣು ಮುಚ್ಚಿ. ನೀವೇ ಅನುಭವಿಸಿ. ಆಮೇಲೂ ಈ ಜಾಗ ಲಾಂಡ್ರಿಗೆ ಕೊಡ್ಬೇಕು ಅನ್ನಿಸಿದ್ರೆ ಕೊಡಿ, ನಾನು ಎದ್ದು ಹೋಗ್ತೀನಿ.”

ಇಷ್ಟು ಗಂಭೀರವಾಗಿ ಹೇಳಿದಾಗ ಯಾರು ಬೇಡ ಅನ್ನುತ್ತಾರೆ? ಓನರು ಕೂತರು. ಅತ್ತೆಯ ತಮ್ಮ ಅಂಗಿ ಮಡಿಕೆ ಬೀಳದಂತೆ ಕೂತ. ಅತ್ತೆ, “ಕಾಲು ನೋಯ್ತಿದೆ ಅಂತ ಕೂತ್ಕೊಳ್ತಿದೀನಿ, ನಿಮ್ಮ ಮಾತಿಗಲ್ಲ” ಎಂದು ಕೂತರು. ಮಾವನೂ ಮೇಜು ಬಿಟ್ಟು ಬಂದು ಸಾಲಿನ ಕೊನೆಯಲ್ಲಿ ಕೂತರು. ನಾಲ್ವರೂ ತಲೆ ಹಿಂದಕ್ಕಿಟ್ಟು ಕಣ್ಣು ಮುಚ್ಚಿದರು.

ಓಣಿ ಕಡೆಯ ಬಾಗಿಲು ಧಡಕ್ಕೆಂದು ತೆರೆಯಿತು. ನರ್ಸು ಕೈಯಲ್ಲಿ ಔಷಧದ ಸೀಸೆ ಹಿಡಿದು ಒಳಗೆ ನುಗ್ಗಿದಳು.

“ಎರಡನೇ ಸಲದ ಹನಿ! ಯಾರೂ ಅಲುಗಾಡ್ಬೇಡಿ!”

“ಸಿಸ್ಟರ್, ಇವರು—” ಎಂದೆ ನಾನು.

“ನೀನು ಪಕ್ಕಕ್ಕೆ ನಿಲ್ಲಮ್ಮ.”

ಸಾಲಿನ ಈ ತುದಿಯಿಂದ ಆ ತುದಿಗೆ ಹೋದಳು. ಗೋಡೆಗೆ ಸುಣ್ಣ ಬಳಿಯುವವರ ಕೈಗೂ ಅಷ್ಟು ವೇಗ ಇರುವುದಿಲ್ಲ. ಹೆಬ್ಬೆರಳಿನಿಂದ ರೆಪ್ಪೆ ಎತ್ತುವುದು, ಹನಿ, ಇನ್ನೊಂದು ರೆಪ್ಪೆ, ಹನಿ, ಮುಂದಿನವರು.

“ಅಯ್ಯೋ! ನಾನು ಬಾಡಿಗೆ ಮಾತಾಡೋಕೆ ಬಂದೋನು!” ಎಂದು ಓನರು ಕೂಗಿದರು.

“ಎಲ್ಲರೂ ಏನಾದ್ರೂ ಒಂದು ಹೇಳ್ತಾರೆ. ಮುಚ್ಚಿ ಕಣ್ಣು.”

“ಅಂಗಿ, ಅಂಗಿ! ಅಂಗಿ ಮೇಲೆ ಬಿತ್ತು!” ಎಂದ ಅತ್ತೆಯ ತಮ್ಮ.

“ಬಾಯಿ ಮುಚ್ಚಿ, ಇಲ್ಲಾ ಅಲ್ಲಿಗೂ ಬೀಳುತ್ತೆ.”

ಅತ್ತೆ ಯಾರ ಮಾತೂ ಕೇಳಿದವರಲ್ಲ. “ಅಮ್ಮಾ, ತಲೆ ಹಿಂದೆ” ಎಂದಳು ನರ್ಸು. ಅತ್ತೆ ತಲೆ ಹಿಂದೆ ಮಾಡಿದರು. ಮಾವನಂತೂ ಕೊನೆಯವರೆಗೆ ನಗುಮುಖದಲ್ಲೇ ಕೂತಿದ್ದರು. ಹನಿ ಬಿದ್ದ ಮೇಲೆ ಮಾತ್ರ, “ಇದೇನು?” ಎಂದರು.

“ಏನು ಅಂದ್ರೆ? ಕಣ್ಣಿಗೆ ಹಾಕೋ ಔಷಧ. ಅರ್ಧ ಗಂಟೆ ಕಣ್ಣು ಬಿಡಬೇಡಿ. ಬಿಟ್ಟವರಿಗೆ ಮತ್ತೆ ಹಾಕ್ತೀನಿ. ಅಂದಹಾಗೆ ಈ ಕುರ್ಚಿ ಹಾಕಿಸಿದವರು ಯಾರು? ಪುಣ್ಯ ಬರ್ಲಿ ಅವರಿಗೆ. ಇನ್ನು ತೊಂದರೆ ಇಲ್ಲ, ನಾಳೆ ನಮ್ಮ ಕ್ಲಿನಿಕ್ಕಿಗೇ ಬೆಂಚು ಬರುತ್ತೆ.”

ಮೊದಲೇ ಕೂತಿದ್ದ ಇಬ್ಬರ ಕೈ ಹಿಡಿದು ಕರೆದುಕೊಂಡು ಹೋದಳು. ಬಾಗಿಲು ಮುಚ್ಚಿತು.

ನಾಲ್ವರೂ ಕಣ್ಣು ಬಿಗಿಯಾಗಿ ಮುಚ್ಚಿ, ಕೆನ್ನೆಯ ಮೇಲೆ ನೀರಿಳಿಸುತ್ತಾ, ಇಷ್ಟು ದಿನದ ಲೆಕ್ಕವನ್ನು ಮನಸ್ಸಿನಲ್ಲೇ ಮತ್ತೆ ಹಾಕುತ್ತಿದ್ದರು.

“ಅಂದ್ರೆ ಆ ಜನ…” ಎಂದರು ಓನರು.

“ಕಣ್ಣಿನ ರೋಗಿಗಳು” ಎಂದ ಅತ್ತೆಯ ತಮ್ಮ. “ನಾಳೆಯಿಂದ ಬರಲ್ಲ. ಸಾರ್, ನಂಗೆ ಬೇಡ ಈ ಜಾಗ. ನಾನು ಫೋನೇ ಮಾಡಿಲ್ಲ ಅಂದ್ಕೊಳ್ಳಿ.”

ಮಾವ ಕೂತಿದ್ದ ಕುಶನ್ನನ್ನು ಒಮ್ಮೆ ತಡವಿದರು. ಆಮೇಲೆ, “ನಂಗೂ ಬೇಡ” ಎಂದರು. “ನಾರಿನ ಕುಶನ್ನಿಗೆ ಕಣ್ಣು ಮುಚ್ತಾರೆ ಅಂದ್ಕೊಂಡಿದ್ದೆ. ಮಷಿನ್ ಮಾರಿಬಿಡೋಣ. ಕೌಂಟರಿನ ಕೆಲಸ ಏನೇನು ಹೇಳಯ್ಯಾ.”

ನಾನು ಮೇಜಿನ ಪಕ್ಕ ನಿಂತಿದ್ದೆ. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ನೋಡಲು ಆಗುತ್ತಲೂ ಇರಲಿಲ್ಲ.

“ಕೋಣೆ ನಮಗೆ ಬೇಕು” ಎಂದೆ.

“ಯಾರದು?” ಓನರು ಬೆಚ್ಚಿದರು.

“ನಮ್ಮ ಹುಡುಗಿ ದನಿ ಥರ ಕೇಳ್ತು” ಎಂದರು ಮಾವ, ನಂಬಿಕೆಯಿಲ್ಲದೆ.

“ಅವಳಾಗಿರಲ್ಲ. ಅವಳು ಇಷ್ಟುದ್ದ ಮಾತಾಡಲ್ಲ” ಎಂದ ಅತ್ತೆಯ ತಮ್ಮ.

“ನಾನೇ. ಬಾಗಿಲಿಗೆ ಎರಡು ರೆಕ್ಕೆ ಇದೆ, ದೊಡ್ಡ ಸೋಫಾ ತಿರುಗಿಸದೆ ಒಳಗೆ ಬರುತ್ತೆ. ಮೆಟ್ಟಿಲು ಹತ್ತಿಸ್ಬೇಕಾಗಿಲ್ಲ, ಲಿಫ್ಟಿಗೆ ಕಾಯ್ಬೇಕಾಗಿಲ್ಲ. ಕಿಟಕಿಯಲ್ಲಿ ಸಂಜೆ ತನಕ ಬೆಳಕಿದೆ, ಬಲ್ಬು ಬೇಡ. ಮೊದಲ ದಿನ ಹೇಳಿದ ಬಾಡಿಗೆಗೆ ಕೊಡಿ.”

“ಅದು ಹೇಗೆ? ನಾನು ಏರಿಸಿದ್ದೆ” ಎಂದರು ಓನರು, ನನ್ನ ಕಡೆಯೆಂದುಕೊಂಡು ಕಿಟಕಿಯ ಕಡೆ ತಿರುಗಿ.

“ಏರಿಸಿದ್ದು ಜನಕ್ಕೆ ಅಂದ್ರಿ. ಜನ ನಾಳೆಯಿಂದ ಬೆಂಚಿನ ಮೇಲೆ. ಉಳಿದಿದ್ದು ಗೋಡೆ. ಗೋಡೆಗೆ ನಾವು ಮೊಳೆ ಹೊಡೆಯಲ್ಲ. ನಮ್ಮ ಮೊಳೆಯೆಲ್ಲ ಕುರ್ಚಿಗೇ ಸಾಲಲ್ಲ.”

ಓನರು ಯೋಚಿಸಿದರು. ಕಣ್ಣು ಮುಚ್ಚಿ ಯೋಚಿಸುವವರಿಗೆ ಗೋಡೆ ಒಂದೇ ನೆನಪಾಗುತ್ತದೆ ಎಂದು ಕಾಣುತ್ತದೆ. “ಒರಗಲ್ಲ ತಾನೇ?” ಎಂದರು.

“ಒರಗೋಕೆ ಕುರ್ಚಿ ಇದೆ.”

“ಏನ್ರೀ” ಎಂದರು ಅತ್ತೆ, ಕಣ್ಣು ಮುಚ್ಚಿದ್ದರೂ ಸರಿಯಾಗಿ ಮಾವನ ಕಡೆಗೇ ತಿರುಗಿ. “ಮನೆಯಿಂದ ಕುರ್ಚಿ ಹೋಗುತ್ತೆ ಅಂದಮೇಲೆ ಸುಮ್ನೆ ಒಪ್ಕೊಳ್ಳಿ. ಕೌಂಟರಿನಲ್ಲಿ ಕೂತು ಅಂಗಿ ಎಣಿಸೋಕೆ ನಿಮ್ಮ ಕೈಲಾಗಲ್ಲ.”

“ಅದು ನಿಜ” ಎಂದ ತಮ್ಮ.

ಮಾವ ಎದೆ ಸ್ವಲ್ಪ ಎತ್ತಿದರು. “ಆದ್ರೆ ಬೋರ್ಡಿನ ಮೇಲೆ ಆಫೀಸು ಅಂತಾನೇ ಬರೆಸ್ಬೇಕು.”

“ಬರೆಸಿ ಮಾವ.”

ಓನರು ಗೊಂಚಲಿನಿಂದ ತಡವಿ ತಡವಿ ಒಂದು ಕೀಲಿಕೈ ಬಿಡಿಸಿ, ಗಾಳಿಯಲ್ಲಿ ಯಾರಿಗೋ ಚಾಚಿದರು. ನಾನು ಹೋಗಿ ತೆಗೆದುಕೊಂಡೆ. ಬಾಗಿಲಿಗೆ ಹಾಕಿ ತಿರುಗಿಸಿ ನೋಡಿದೆ. ಸರಿಯಾದದ್ದೇ.

ಅರ್ಧ ಗಂಟೆಯಲ್ಲಿ ಇನ್ನೂ ಬಹಳ ಉಳಿದಿತ್ತು. ಯಾರೂ ಕಣ್ಣು ಬಿಡಲಿಲ್ಲ. ನರ್ಸಿನ ಮಾತು ಎಲ್ಲರಿಗೂ ನೆನಪಿತ್ತು. ಓನರ ತಲೆ ನಿಧಾನವಾಗಿ ಅತ್ತೆಯ ತಮ್ಮನ ಭುಜಕ್ಕೆ ಬಂತು. ಅವನು ಅಂಗಿಯ ಚಿಂತೆ ಬಿಟ್ಟು ಬಾಯಿ ತೆರೆದಿದ್ದ. ಅತ್ತೆಯ ಕುಂಟುಗಾಲು ಸಡಿಲವಾಯಿತು. ಕೊನೆಗೆ ಮಾವನ ಗೊರಕೆ ಶುರುವಾಯಿತು. ಅವರು ಸುಳ್ಳು ಹೇಳಿರಲಿಲ್ಲ, ನಾರಿನ ಕುಶನ್ನು ನಿಜಕ್ಕೂ ಒಳ್ಳೆಯದು.

ನಾನು ಮೇಜಿನ ಮೆರೂನ್ ಬಟ್ಟೆ ತೆಗೆದು ಮಡಚಿಟ್ಟೆ. ಕೋಣೆಯ ನಡುವಿನಿಂದ ಮೇಜನ್ನು ಕಿಟಕಿಯ ಕಡೆಗೆ ನೂಕಿದೆ. ಒಂದು ಕಾಲು ಮಸಿಯ ಕಲೆಯ ಹತ್ತಿರ ನೆಲದ ಬಿರುಕಿಗೆ ಸಿಕ್ಕಿಕೊಂಡಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ ಮತ್ತೆ ನೂಕಿದೆ. ಅಲುಗಲಿಲ್ಲ. ಕಿಟಕಿ ಇನ್ನೂ ಒಂದು ಮಾರು ದೂರದಲ್ಲಿತ್ತು.

“ಯಾರಾದ್ರೂ ಆ ತುದಿ ಸ್ವಲ್ಪ ಎತ್ತಿ ಹಿಡೀತೀರಾ?” ಎಂದೆ.

ಮತ್ತೊಮ್ಮೆ, ಇನ್ನೂ ಗಟ್ಟಿಯಾಗಿ ಕೇಳಿದೆ:

“ಯಾರಾದ್ರೂ ಒಬ್ಬರು ಆ ತುದಿ ಹಿಡೀರಿ.”